ಸರ್ಜರಿಗೆ ಬಂದವರ ಗಾಬರಿ, ಖಿನ್ನತೆ: ಪಿಎಸಿಯಲ್ಲೇ ಕೇಳಬೇಕಾ? ಯಾವ ಫಾರ್ಮ್? ಕೇಳಿದ ಮೇಲೆ ಏನು?

ಸರ್ಜಿಕಲ್ ವಾರ್ಡ್ ಸಿಸ್ಟರ್
ಎಲ್ಲರಿಗೂ ನಮಸ್ಕಾರ. ನಮ್ಮ ಪಿಎಸಿ (ಆಪರೇಷನ್‌ಗೆ ಮುಂಚಿನ ಅರಿವಳಿಕೆ ತಪಾಸಣೆ) ಫಾರ್ಮಿನಲ್ಲಿ ಬಿಪಿ, ಶುಗರ್, ಅಲರ್ಜಿ, ಅಲ್ಲಾಡೋ ಹಲ್ಲು, ಬೀಡಿ, ಎಲ್ಲಕ್ಕೂ ಜಾಗ ಇದೆ. ಪೇಷಂಟಿನ ಮನಸ್ಸು ಹೇಗಿದೆ ಅಂತ ಬರೆಯೋಕೆ ಮಾತ್ರ ಒಂದು ಗೆರೆನೂ ಇಲ್ಲ. ಹರ್ನಿಯಾ, ಪಿತ್ತಕೋಶ, ಗರ್ಭಕೋಶ, ಮೂಳೆ, ಥೈರಾಯ್ಡ್, ಸ್ತನದ ಗಡ್ಡೆ, ಇಷ್ಟು ಥರದ ಕೇಸು ಬರುತ್ತೆ. ಗಾಬರಿ ಮತ್ತು ಖಿನ್ನತೆಗೆ ಒಂದು ಸ್ಕ್ರೀನಿಂಗ್ ಫಾರ್ಮ್ ಸೇರಿಸೋಣ ಅಂತ ಈಗ ಮಾತು ನಡೀತಿದೆ. ನನ್ನ ಪ್ರಶ್ನೆಗಳು: ಯಾವ ಪ್ರಶ್ನಾವಳಿ ಒಳ್ಳೇದು, ಎಚ್‌ಎಡಿಎಸ್ಸಾ, ಪಿಎಚ್‌ಕ್ಯೂನಾ, ಬೇರೆ ಏನಾದ್ರೂ ಇದೆಯಾ? ಓದೋಕೆ ಬರದವರನ್ನ ಹೇಗೆ ಕೇಳೋದು? ಸ್ಕೋರ್ ಜಾಸ್ತಿ ಬಂದ್ರೆ ಏನು ಮಾಡೋದು? ಮನೋವೈದ್ಯರು ವಾರಕ್ಕೆ ಒಂದೇ ದಿನ ಬರ್ತಾರೆ. "ಒಂದು ಅಲ್ಪ್ರಾಕ್ಸ್ (ಗಾಬರಿ-ನಿದ್ದೆ ಮಾತ್ರೆ ಅಲ್ಪ್ರಾಜೋಲಾಮ್) ಕೊಟ್ಟು ಮಲಗಿಸಿ" ಅನ್ನೋದು ಸದ್ಯದ ಪದ್ಧತಿ.

ಹೌಸ್‌ಸರ್ಜನ್ ಹುಡುಗ
ಇರೋ ಫಾರ್ಮ್ ತುಂಬೋಕೇ ರಾತ್ರಿ ಹನ್ನೊಂದಾಗುತ್ತೆ. ಇನ್ನೊಂದಾ ಸಿಸ್ಟರ್?

ಅನಸ್ತೇಶಿಯಾ ಮೇಡಂ
ಆರೇ ಪ್ರಶ್ನೆ ಸಾಕು, ಎಪಿಎಐಎಸ್ ಅಂತ ಇದೆ. ಆಮ್‌ಸ್ಟರ್‌ಡಾಮಿನಲ್ಲಿ 1996ರಲ್ಲಿ ಮಾಡಿದ್ದು, ಆಪರೇಷನ್‌ಗೆ ಮುಂಚಿನ ಭಯಕ್ಕೇ ಅಂತ. ಅರಿವಳಿಕೆ ಬಗ್ಗೆ ಮೂರು, ಆಪರೇಷನ್ ಬಗ್ಗೆ ಮೂರು. ಎರಡು ಕಡೆಯೂ ಕೇಳೋದು ಒಂದೇ: ಚಿಂತೆ ಇದೆಯಾ, ಅದೇ ಯೋಚನೆ ತಲೆಯಲ್ಲಿ ತಿರುಗ್ತಾ ಇರುತ್ತಾ, ಅದರ ಬಗ್ಗೆ ಎಲ್ಲಾ ತಿಳ್ಕೋಬೇಕು ಅನ್ಸುತ್ತಾ. ಪ್ರತಿಯೊಂದಕ್ಕೂ 1ರಿಂದ 5. ಭಯದ ನಾಲ್ಕು ಪ್ರಶ್ನೆ ಕೂಡಿಸಿದ್ರೆ 4ರಿಂದ 20 ಬರುತ್ತೆ. 11 ಅಥವಾ ಜಾಸ್ತಿ ಇದ್ರೆ ಆ ಪೇಷಂಟ್ ಹತ್ರ ಕೂತು ಮಾತಾಡಬೇಕು ಅಂತ ಅರ್ಥ.

ಜನ ಗಮನಿಸದೇ ಇರೋದು ಉಳಿದ ಎರಡು ಪ್ರಶ್ನೆ, ಅಂದ್ರೆ ಮಾಹಿತಿ ಬೇಕಾ ಅನ್ನೋದು. ಅಲ್ಲಿ ಬರೋದು 2ರಿಂದ 10. 8 ಅಥವಾ ಜಾಸ್ತಿ ಇದ್ರೆ ಟ್ಯೂಬ್ ಎಲ್ಲಿ ಹಾಕ್ತೀವಿ, ಎಷ್ಟು ಹೊತ್ತು, ಎಲ್ಲಾ ಬಿಡಿಸಿ ಹೇಳಿ. 4 ಅಥವಾ ಕಡಿಮೆ ಇದ್ರೆ ಅವರಿಗೆ ಕೇಳೋಕೆ ಇಷ್ಟ ಇಲ್ಲ. ಕಾನೂನಿಗೆ ಬೇಕಾದಷ್ಟು ಹೇಳಿ, ಉಳಿದದ್ದನ್ನ ಅವರು ಕೇಳಿದ್ರೆ ಮಾತ್ರ. ಎಲ್ಲರಿಗೂ ಒಂದೇ ಭಾಷಣ ಒಪ್ಪಿಸೋದ್ರಿಂದ ಕೆಲವರಿಗೆ ಭಯ ಜಾಸ್ತಿನೇ ಆಗುತ್ತೆ.

ಮನೋವೈದ್ಯ ಮಲೆನಾಡು
ಮೇಡಂ ಹೇಳಿದ್ದು ಸರಿ, ಆದ್ರೆ ಅರ್ಧ. ಎಪಿಎಐಎಸ್ ಹಿಡಿಯೋದು ನಾಳೆಯ ಆಪರೇಷನ್ ಭಯ ಮಾತ್ರ. ಮೂರು ತಿಂಗಳಿಂದ ಊಟ ಬಿಟ್ಟು ಗೋಡೆ ನೋಡ್ತಾ ಮಲಗಿರೋ ಹೆಂಗಸು ಅದರಲ್ಲಿ 6 ತಗೊಂಡು ಪಾಸಾಗ್ತಾಳೆ, ಯಾಕಂದ್ರೆ ಆಕೆಗೆ ಯಾವುದರ ಬಗ್ಗೆಯೂ ಚಿಂತೆನೇ ಉಳಿದಿಲ್ಲ.

ಎಚ್‌ಎಡಿಎಸ್ ಆಸ್ಪತ್ರೆಯ ಪೇಷಂಟ್‌ಗಳಿಗೆ ಅಂತಲೇ ಜಿಗ್ಮಂಡ್ ಮತ್ತು ಸ್ನೇತ್ 1983ರಲ್ಲಿ ಮಾಡಿದ್ದು. 14 ಪ್ರಶ್ನೆ, ಆತಂಕಕ್ಕೆ ಏಳು, ಖಿನ್ನತೆಗೆ ಏಳು, ತಲಾ 0ಯಿಂದ 21. 7ರವರೆಗೆ ಸರಿ, 8ರಿಂದ 10 ಅನುಮಾನ, 11 ಅಥವಾ ಮೇಲೆ ಇದ್ರೆ ನೋಡಲೇಬೇಕು. ನಿದ್ದೆ, ಹಸಿವು, ತೂಕದ ಪ್ರಶ್ನೆಗಳನ್ನ ಬೇಕಂತಲೇ ಬಿಟ್ಟಿದ್ದಾರೆ. ಖಿನ್ನತೆಯ ಒಂಬತ್ತು ಪ್ರಶ್ನೆಗಳ ಪಿಎಚ್‌ಕ್ಯೂ-9ರ ತೊಂದರೆ ಅಲ್ಲೇ ಇರೋದು. ನಿದ್ದೆ ಇಲ್ಲ, ಸುಸ್ತು, ಹಸಿವಿಲ್ಲ, ಗಮನ ನಿಲ್ಲಲ್ಲ, ಓಡಾಟ ನಿಧಾನ, ಒಂಬತ್ತರಲ್ಲಿ ಈ ಐದು ಪ್ರಶ್ನೆಗೆ ತೊಡೆ ಮೂಳೆ ಮುರಿದು ಟ್ರ್ಯಾಕ್ಷನ್‌ನಲ್ಲಿ (ಕಾಲಿಗೆ ತೂಕ ಕಟ್ಟಿ ಎಳೆದು) ಮಲಗಿರೋ ಯಾರು ಬೇಕಾದ್ರೂ "ಹೌದು" ಅಂತಾರೆ. ಖಿನ್ನತೆಯ ಗೆರೆಯಾದ 10 ಮುಟ್ಟೋಕೆ ಖಿನ್ನತೆ ಬೇಕೇ ಇಲ್ಲ.

ಔಷಧ ಕೌಂಟರ್
ಎಚ್‌ಎಡಿಎಸ್ ಪುಕ್ಕಟೆ ಅಲ್ಲ ಸರ್, ಬಳಸೋಕೆ ಲೈಸೆನ್ಸ್ ಬೇಕು. ಪಿಎಚ್‌ಕ್ಯೂ-9, ಆತಂಕದ ಜಿಎಡಿ-7 ಎರಡಕ್ಕೂ ಅನುಮತಿ ಬೇಡ, ಕಾಸೂ ಬೇಡ, ಕನ್ನಡದಲ್ಲೂ ಸಿಗುತ್ತೆ. ಜೊತೆಗೆ ನಿಮ್ಮ ಎಚ್‌ಎಡಿಎಸ್‌ನಲ್ಲೂ "ನಾನು ನಿಧಾನ ಆಗಿದ್ದೀನಿ ಅನ್ಸುತ್ತೆ" ಅನ್ನೋ ಪ್ರಶ್ನೆ ಇದೆ. ಅದಕ್ಕೂ ಟ್ರ್ಯಾಕ್ಷನ್‌ನಲ್ಲಿರೋರು ಹೌದು ಅನ್ನಲ್ವಾ?

ಮನೋವೈದ್ಯ ಮಲೆನಾಡು
@ಔಷಧ ಕೌಂಟರ್ ಹದಿನಾಲ್ಕರಲ್ಲಿ ಒಂದು, ಒಂಬತ್ತರಲ್ಲಿ ಐದು. ವ್ಯತ್ಯಾಸ ಇದೆ. ದುಡ್ಡಿನ ವಿಷಯ ಒಪ್ಪಿದೆ. ಹಾಗಾದ್ರೆ ಹೀಗೆ ಮಾಡಿ: ಪಿಎಸಿಯಲ್ಲಿ ಪಿಎಚ್‌ಕ್ಯೂ-2 ಮಾತ್ರ, ಅಂದ್ರೆ ಮೊದಲ ಎರಡೇ ಪ್ರಶ್ನೆ. ಎರಡು ವಾರದಿಂದ ಯಾವುದರಲ್ಲೂ ಆಸಕ್ತಿ ಇಲ್ವಾ, ಮನಸ್ಸು ಕುಗ್ಗಿದೆಯಾ. ಆರಕ್ಕೆ 3 ಬಂದ್ರೆ ಪೂರ್ತಿ ಒಂಬತ್ತು ಕೇಳಿ. ಭಯಕ್ಕೆ ಮೇಡಂ ಹೇಳಿದ ಆರು. ಒಟ್ಟು ಎಂಟು ಪ್ರಶ್ನೆ, ಹೌಸ್‌ಸರ್ಜನ್ ಹುಡುಗನಿಗೂ ನಿದ್ದೆ ಸಿಗುತ್ತೆ.

ಧಾರವಾಡದ ಸಿಸ್ಟರ್
ಫಾರ್ಮ್ ಯಾವುದರ ಇರ್ಲಿರಿ, ಕೇಳೋ ರೀತಿ ಮ್ಯಾಲ ಎಲ್ಲಾ ಐತಿ. "ನಿಮಗ ಆತಂಕ ಐತೇನ್ರಿ" ಅಂತ ಕೇಳಿದ್ರ ಗಂಡಸರು ಒಬ್ರೂ ಹೌದು ಅನ್ನಂಗಿಲ್ಲ. "ಎದಿ ಡವಡವ ಅಂತದೇನು, ರಾತ್ರಿ ಕಣ್ಣು ಹತ್ತೇತೇನು, ಊಟ ಗಂಟಲದಾಗ ಇಳೀತದೇನು, ಒಬ್ರ ಇದ್ದಾಗ ಅಳು ಬರ್ತದೇನು" ಅಂತ ಕೇಳ್ರಿ, ಆವಾಗ ಮಾತು ಹೊರಗ ಬರ್ತಾವ.

ಇನ್ನೊಂದು, ಅಟೆಂಡರ್ ಎದುರಿಗೆ ಕೇಳಬ್ಯಾಡ್ರಿ. ಸೊಸಿ ಎದುರಿಗೆ ಅತ್ತಿ ಏನ ಹೇಳ್ಯಾಳು? ಮೆಡಿಕಲ್ ಸ್ಟೋರಿಗೆ ಚೀಟಿ ಕೊಟ್ಟು ಕಳಿಸ್ರಿ, ಆ ಹತ್ತು ನಿಮಿಷದಾಗ ಕುರ್ಚಿ ಎಳಕೊಂಡು ಕೂತು ಕೇಳ್ರಿ. ನಿಂತು ಕೇಳಿದ್ರ "ಆರಾಮ ಅದೀನಿ" ಅಂತ ಮುಗಿಸಿಬಿಡ್ತಾರ. 1ರಿಂದ 5 ನಂಬರ್ ಹೇಳಾಕ ಬರದವ್ರಿಗೆ ಕೈ ಐದು ಬೆರಳು ತೋರ್ಸ್ರಿ: ಕಿರುಬೆರಳು ಅಂದ್ರ ಏನೂ ಇಲ್ಲ, ಹೆಬ್ಬೆರಳು ಅಂದ್ರ ಭಾಳ. ಲಗೂನ ತಿಳಿತದ.

ಮತ್ತ ಭಯ ಅಂದ್ರ ಯಾವ ಭಯ ಅಂತ ಬರೀರಿ. "ಎಚ್ಚರ ಆಗ್ತದೋ ಇಲ್ಲೋ" ಒಂದು, "ಅರ್ಧಕ್ಕ ಎಚ್ಚರ ಆದ್ರ" ಇನ್ನೊಂದು, "ರೊಕ್ಕ ಎಷ್ಟಾಗ್ತದ" ಮತ್ತೊಂದು, "ಮನಿಯಾಗ ಎಮ್ಮಿ ಹಿಂಡೋರು ಯಾರು" ಅನ್ನೋದೂ ಒಂದು. ಎಲ್ಲಾದಕ್ಕೂ ಒಂದ ಗುಳಿಗಿ ಅಂದ್ರ ಹೆಂಗ್ರಿ?

ಸಮಾಜಕಾರ್ಯಕರ್ತೆ
@ಧಾರವಾಡದ ಸಿಸ್ಟರ್ ರೊಕ್ಕದ್ದು ನೂರಕ್ಕೆ ನೂರು ನಿಜ ಅಕ್ಕಾ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಪ್ರೀಆಥ್ (ಖರ್ಚಿಗೆ ಮುಂಚಿತ ಮಂಜೂರಾತಿ) ಬಂತೋ ಇಲ್ವೋ ಅಂತ ಗೊತ್ತಿಲ್ಲದೆ ಇಡೀ ರಾತ್ರಿ ಕೂತಿರೋರಿಗೆ ಯಾವ ಕೌನ್ಸೆಲಿಂಗೂ ಕೆಲಸ ಮಾಡಲ್ಲ. ರೇಷನ್ ಕಾರ್ಡಿನಲ್ಲಿ ಹೆಸರು ಒಂದು ಥರ, ಆಧಾರ್‌ನಲ್ಲಿ ಇನ್ನೊಂದು ಥರ ಇದ್ರೆ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತೆ. ಆಪರೇಷನ್ ದಿನ ಗೊತ್ತಾದ ತಕ್ಷಣ ಆ ಎರಡು ಕಾರ್ಡು ಪಕ್ಕಪಕ್ಕ ಇಟ್ಟು ನೋಡಿ. ಯಾವುದಕ್ಕೆ ಪ್ಯಾಕೇಜ್ ಬರುತ್ತೆ, ಕೈಯಿಂದ ಎಷ್ಟು, ಒಂದು ಚೀಟಿಯಲ್ಲಿ ಬರೆದುಕೊಡಿ. ಎಷ್ಟೋ "ಆಂಗ್ಸೈಟಿ" ಅಲ್ಲೇ ಇಳಿಯುತ್ತೆ.

ಕರಾವಳಿ ಸರ್ಜನ್
ಒಂದು ವಿಷಯ ಯಾರೂ ಹೇಳ್ಲಿಲ್ಲ ಮಾರಾಯ್ರೆ. ಗಾಬರಿ ಹುಟ್ಟಿಸುವುದು ನಾವೇ. ಹೈ ರಿಸ್ಕ್ ಕನ್ಸೆಂಟ್ ಅಂತ ಉಂಟಲ್ಲ, ರಾತ್ರಿ ಹತ್ತು ಗಂಟೆಗೆ ಇಂಗ್ಲಿಷ್ ಕಾಗದ ಹಿಡಿದು "ಜೀವಕ್ಕೆ ಏನಾದ್ರೂ ಆದ್ರೆ ನಾವು ಜವಾಬ್ದಾರರಲ್ಲ, ಇಲ್ಲಿ ಸೈನ್ ಹಾಕಿ" ಅಂದ್ರೆ ಯಾರಿಗೆ ನಿದ್ದೆ ಬರುತ್ತೆ? ಕನ್ಸೆಂಟ್ ಮಾತಾಡಬೇಕಾದದ್ದು ಓಪಿಡಿಯಲ್ಲಿ, ದಿನ ಕೊಡುವಾಗ. ರಾತ್ರಿ ಬರೀ ಸಹಿ.

ಮತ್ತೆ ಹೇಳುವ ಕ್ರಮ ಉಂಟು: ಏನು ಮಾಡ್ತೇವೆ, ಮಾಡದಿದ್ರೆ ಏನಾಗ್ತದೆ, ಸಾಮಾನ್ಯವಾಗಿ ಏನು ತೊಂದರೆ ಬರ್ತದೆ, ಅಪರೂಪಕ್ಕೆ ಏನು, ಬಂದ್ರೆ ನಾವು ಏನು ಮಾಡ್ತೇವೆ. ಆ ಕೊನೆಯದ್ದನ್ನು ಎಲ್ಲರೂ ನುಂಗಿಬಿಡ್ತಾರೆ. "ರಕ್ತ ಹೋಗಬಹುದು" ಅಂತ ಹೇಳಿ ಎದ್ದು ಹೋದ್ರೆ ಭಯ. "ರಕ್ತ ಹೋಗಬಹುದು, ಅದಕ್ಕೇ ನಿಮ್ಮ ಗುಂಪಿನ ಎರಡು ಬಾಟ್ಲಿ ತಯಾರಿದೆ" ಅಂದ್ರೆ ಬೇರೆ.

ಅನಸ್ತೇಶಿಯಾ ಮೇಡಂ
@ಕರಾವಳಿ ಸರ್ಜನ್ ಇದಕ್ಕೆ ಹಳೇ ಪುರಾವೆಯೇ ಇದೆ ಸರ್. 1964ರಲ್ಲಿ ಬಾಸ್ಟನ್ನಿನಲ್ಲಿ ಹೊಟ್ಟೆ ಆಪರೇಷನ್‌ನ 97 ಪೇಷಂಟ್‌ಗಳಲ್ಲಿ ಒಂದು ಗುಂಪಿಗೆ ಅನಸ್ತೆಟಿಸ್ಟ್ ಹೋಗಿ ನೋವು ಎಲ್ಲಿ ಬರುತ್ತೆ, ಎಷ್ಟು ದಿನ ಇರುತ್ತೆ, ಹೇಗೆ ಮಗ್ಗಲು ತಿರುಗಬೇಕು, ಹೇಗೆ ಉಸಿರು ಎಳೀಬೇಕು ಅಂತ ಹೇಳಿಕೊಟ್ರು. ಆ ಗುಂಪಿಗೆ ಮಾರ್ಫಿನ್ ಥರದ ನೋವಿನ ಔಷಧಿ ಅರ್ಧದಷ್ಟೇ ಸಾಕಾಯ್ತು, ಸರಾಸರಿ 2.7 ದಿನ ಮುಂಚೆ ಮನೆಗೆ ಹೋದ್ರು. ಮಾತ್ರೆ ಅಲ್ಲ, ಮಾತು.

ಸ್ಪೈನಲ್‌ಗೆ, ಅಂದ್ರೆ ಬೆನ್ನಿಗೆ ಸೂಜಿ ಹಾಕಿ ಕೊಡೋ ಅರಿವಳಿಕೆಗೆ, ಇದು ಇನ್ನೂ ಮುಖ್ಯ. ಮುಂಚೆ ಹೇಳಬೇಕಾದ್ದು ಇಷ್ಟು: ಕಾಲು ಬಿಸಿಯಾಗಿ, ಭಾರವಾಗಿ, ಆಮೇಲೆ ಅಲ್ಲಾಡಲ್ಲ, ಮೂರ್ನಾಲ್ಕು ಗಂಟೆಗೆ ವಾಪಸ್ ಬರುತ್ತೆ, ಮುಟ್ಟಿದ್ದು, ಎಳೆದದ್ದು ಗೊತ್ತಾಗುತ್ತೆ, ನೋವು ಗೊತ್ತಾಗಲ್ಲ. ಸಿಸೇರಿಯನ್‌ನಲ್ಲಿ ಮರಗಟ್ಟೋದು ಎದೆವರೆಗೆ ಏರಿದಾಗ "ಉಸಿರು ಹೋಗ್ತಿಲ್ಲ" ಅಂತ ಕಿರುಚ್ತಾರೆ. ಎದೆಗೂಡು ಅಲ್ಲಾಡೋದು ಅವರಿಗೆ ಗೊತ್ತಾಗದೇ ಇರೋದ್ರಿಂದ ಹಾಗನ್ಸುತ್ತೆ. ಹೆಸರು ಜೋರಾಗಿ ಹೇಳ್ಸಿ, ಕೈ ಹಿಂಡ್ಸಿ. ಎರಡೂ ಗಟ್ಟಿ ಇದ್ರೆ, ಸ್ಯಾಚುರೇಶನ್ (ರಕ್ತದ ಆಮ್ಲಜನಕ) ಸರಿ ಇದ್ರೆ ಧೈರ್ಯ ಹೇಳಿ. ಸ್ವರ ಪಿಸುಗುಟ್ಟಿದ ಹಾಗಾದ್ರೆ, ಕೈ ಸೋತ್ರೆ, ಅದು ಗಾಬರಿ ಅಲ್ಲ, ಸ್ಪೈನಲ್ ಮೇಲಕ್ಕೆ ಹೋಗಿದೆ.

ಇನ್ನು "ಅರ್ಧಕ್ಕೆ ಎಚ್ಚರ ಆದ್ರೆ" ಅನ್ನೋರಿಗೆ: ಬ್ರಿಟನ್, ಐರ್ಲೆಂಡಿನ ದೊಡ್ಡ ಸಮೀಕ್ಷೆ 2014ರಲ್ಲಿ ಬಂತು. ಪೂರ್ತಿ ಅರಿವಳಿಕೆ ಕೊಟ್ಟವರಲ್ಲಿ ಹಾಗೆ ಆಯ್ತು ಅಂತ ತಾವಾಗಿ ಹೇಳಿದ್ದು ಸುಮಾರು 19,000ಕ್ಕೆ ಒಬ್ಬರು.

ಹೌಸ್‌ಸರ್ಜನ್ ಹುಡುಗ
ಅಲ್ಪ್ರಾಕ್ಸ್ ವಿಷಯಕ್ಕೆ ಬನ್ನಿ. ರಾತ್ರಿ 0.25 ಕೊಟ್ರೆ ಯಾರಿಗೇನು ನಷ್ಟ?

ಅನಸ್ತೇಶಿಯಾ ಮೇಡಂ
ಮೂವತ್ತೈದರ ಆರೋಗ್ಯವಂತನಿಗೆ ರಾತ್ರಿ 0.25 ಅಥವಾ 0.5, ನಷ್ಟ ಏನಿಲ್ಲ, ಕೊಡಿ. ಎಲ್ಲರಿಗೂ ಕಣ್ಣು ಮುಚ್ಚಿ ಬರೆಯೋದು ಬೇಡ ಅಂತಷ್ಟೇ. ಫ್ರಾನ್ಸಿನಲ್ಲಿ ಸಾವಿರಕ್ಕೂ ಹೆಚ್ಚು ಜನರಿಗೆ ಆಪರೇಷನ್‌ಗೆ ಮುಂಚೆ ಅಲ್ಪ್ರಾಕ್ಸ್ ಜಾತಿಯದೇ ಆದ ಲೊರಾಜೆಪಾಮ್ 2.5 ಮಿ.ಗ್ರಾಂ ಇಲ್ಲವೇ ಸುಳ್ಳುಮಾತ್ರೆ ಕೊಟ್ಟು ನೋಡಿದ್ರು, ಇಲ್ಲವೇ ಏನೂ ಕೊಡಲಿಲ್ಲ. 2015ರಲ್ಲಿ ಫಲಿತಾಂಶ ಬಂತು. ಮಾತ್ರೆ ತಗೊಂಡವರ ಸಮಾಧಾನ ಏನೂ ಜಾಸ್ತಿ ಆಗಿರಲಿಲ್ಲ, ಟ್ಯೂಬ್ ತೆಗೆಯೋದು ಮಾತ್ರ ತಡ ಆಯ್ತು.

65 ದಾಟಿದವರು, ಗೊರಕೆ ಹೊಡೆದು ಮಧ್ಯೆ ಉಸಿರು ನಿಲ್ಲಿಸೋ ದಪ್ಪ ಕತ್ತಿನವರು, ಸಿಒಪಿಡಿ (ಹಳೇ ಶ್ವಾಸಕೋಶದ ಕಾಯಿಲೆ) ಇರೋರು, ಲಿವರ್ ಕೆಟ್ಟವರು, ಇವರಿಗೆ ಬೇಡವೇ ಬೇಡ. ಓಟಿ ಟೇಬಲ್ ಮೇಲೆ ಬೇಕಾದ್ರೆ ಮಾನಿಟರ್ ಹಾಕಿ ಮಂಪರಿನ ಔಷಧಿ ಮಿಡಜೋಲಾಮ್ 1 ಮಿ.ಗ್ರಾಂ ನಾವೇ ಕೊಡ್ತೀವಿ.

ಔಷಧ ಕೌಂಟರ್
ಅದರ ಉಲ್ಟಾ ತಪ್ಪೂ ನಡೆಯುತ್ತೆ. ವರ್ಷಗಟ್ಟಲೆ ದಿನಾ ಅಲ್ಪ್ರಾಜೋಲಾಮ್ ನುಂಗೋ ಅಜ್ಜಿಗೆ "ಖಾಲಿ ಹೊಟ್ಟೆ, ಮಾತ್ರೆ ಎಲ್ಲಾ ಬಂದ್" ಅಂತ ನಿಲ್ಲಿಸಿದ್ರೆ ಮೂರನೇ ದಿನ ನಡುಕ, ಕೆಲವರಿಗೆ ಫಿಟ್ಸ್. ಬಿಪಿ ಮಾತ್ರೆ ಕೇಳಿದ ಹಾಗೇ "ನಿದ್ದೆ ಮಾತ್ರೆ, ನರದ ಮಾತ್ರೆ, ತಲೆಬಿಸಿ ಮಾತ್ರೆ ಏನಾದ್ರೂ ಇದೆಯಾ" ಅಂತ ಬೇರೆಯಾಗಿ ಕೇಳಿ, ಚೀಲದಲ್ಲಿರೋ ಸ್ಟ್ರಿಪ್ ತೋರಿಸೋಕೆ ಹೇಳಿ. ಡಿಪ್ರೆಶನ್ ಮಾತ್ರೆ ಅಂತ ಯಾರೂ ಬಾಯಿಬಿಟ್ಟು ಹೇಳಲ್ಲ, "ಗ್ಯಾಸಿಂದು" ಅಂತಾರೆ.

ಎಸ್ಸಿಟಲೊಪ್ರಾಮ್, ಸೆರ್ಟ್ರಾಲಿನ್ ಥರದ ಖಿನ್ನತೆ ಮಾತ್ರೆಗಳನ್ನೂ ನಿಲ್ಲಿಸಬೇಡಿ, ಆಪರೇಷನ್ ದಿನ ಬೆಳಿಗ್ಗೆ ಒಂದು ಗುಟುಕು ನೀರಲ್ಲಿ ಕೊಡಿ. ಪ್ಯಾರಾಕ್ಸೆಟಿನ್ ಬಿಟ್ಟರಂತೂ ಒಂದೆರಡು ದಿನದಲ್ಲಿ ತಲೆಸುತ್ತು, ವಾಕರಿಕೆ, ಮೈಯಲ್ಲಿ ಕರೆಂಟ್ ಹೊಡೆದ ಹಾಗೆ, ಸಿಟ್ಟು. ಅದನ್ನೂ ನಾವು "ಆಂಗ್ಸೈಟಿ" ಅಂತ ಬರೀತೀವಿ.

ಕರಾವಳಿ ಸರ್ಜನ್
ರಕ್ತ ಜಾಸ್ತಿ ಹೋಗ್ತದೆ ಅಂತ ಎಸ್‌ಎಸ್‌ಆರ್‌ಐ (ನೀವು ಹೇಳಿದ ಥರದ ಖಿನ್ನತೆ ಮಾತ್ರೆ) ವಾರ ಮೊದಲೇ ನಿಲ್ಲಿಸುವ ಪದ್ಧತಿ ಉಂಟು ನಮ್ಮಲ್ಲಿ ಕೆಲವರದ್ದು.

ಔಷಧ ಕೌಂಟರ್
@ಕರಾವಳಿ ಸರ್ಜನ್ ಪ್ಲೇಟ್‌ಲೆಟ್ ಸ್ವಲ್ಪ ಮಂಕಾಗೋದು ನಿಜ ಸರ್, ಆಸ್ಪಿರಿನ್ ಅಥವಾ ಡೈಕ್ಲೋಫೆನಾಕ್ ಜೊತೆ ಸೇರಿದ್ರೆ ಹೊಟ್ಟೆಯಲ್ಲಿ ರಕ್ತಸ್ರಾವದ ಅಪಾಯ ಏರುತ್ತೆ. ಅದಕ್ಕೆ ಡೈಕ್ಲೋ ಬಿಟ್ಟು ಪ್ಯಾರಾಸಿಟಮಾಲ್ ಬರೀರಿ, ಇಲ್ಲ ಪ್ಯಾಂಟೊಪ್ರಜೋಲ್ ಸೇರಿಸಿ. ಖಿನ್ನತೆ ಮರುಕಳಿಸೋ ಅಪಾಯ ಅದಕ್ಕಿಂತ ದೊಡ್ಡದು. ಮಿದುಳಿನ ಆಪರೇಷನ್ ಥರದ ಕಡೆ ಮಾತ್ರ ಮನೋವೈದ್ಯರನ್ನ ಕೇಳಿ, ಬೇಕಾದ್ರೆ ಮುಂಚೆಯೇ ನಿಧಾನಕ್ಕೆ ಬದಲಾಯಿಸಬಹುದು. ಫ್ಲೂಆಕ್ಸೆಟಿನ್ ಅಂತೂ ವಾರ ಮೊದಲು ನಿಲ್ಲಿಸಿದ್ರೂ ಮೈಯಲ್ಲೇ ಇರುತ್ತೆ, ಪೂರ್ತಿ ಹೋಗೋಕೆ ಐದು ವಾರ ಬೇಕು.

ದೊಡ್ಡ ತಲೆನೋವು ಟ್ರಮಡಾಲ್. ಎಲ್ಲಾ ವಾರ್ಡಿನಲ್ಲೂ ನೋವಿಗೆ ಅದೇ ಮೊದಲ ಇಂಜೆಕ್ಷನ್. ಎಸ್‌ಎಸ್‌ಆರ್‌ಐ ಮೇಲೆ ಟ್ರಮಡಾಲ್, ಪೆಥಿಡಿನ್, ಲಿನೆಜೋಲಿಡ್ ಅಥವಾ ಮೆಥಿಲೀನ್ ಬ್ಲೂ ಬಿದ್ರೆ ಸೆರಟೋನಿನ್ ಸಿಂಡ್ರೋಮ್ ಆಗಬಹುದು: ಬೆವರು, ನಡುಕ, ಚಡಪಡಿಕೆ, ಜ್ವರ, ಪಾದ ಮೇಲಕ್ಕೆ ತಳ್ಳಿದ್ರೆ ಪಟಪಟ ಬಡಿಯೋದು. ಜೊತೆಗೆ ಪ್ಯಾರಾಕ್ಸೆಟಿನ್, ಫ್ಲೂಆಕ್ಸೆಟಿನ್ ಇದ್ದವರಲ್ಲಿ ಟ್ರಮಡಾಲ್ ಲಿವರಿನಲ್ಲಿ ತನ್ನ ಬಲವಾದ ರೂಪಕ್ಕೆ ಸರಿಯಾಗಿ ಬದಲಾಗಲ್ಲ. ಅಪಾಯವೂ ಇದೆ, ನೋವೂ ಹೋಗಲ್ಲ.

ಐಸಿಯು ನೈಟ್ ಡ್ಯೂಟಿ
ಆಪರೇಷನ್ ಆದ ಮೇಲಿನ ಗಾಬರಿ ಬಗ್ಗೆ ನನ್ನದೊಂದು ಹಠ ಇದೆ. "ಪೇಷಂಟ್ ಆಂಕ್ಷಿಯಸ್" ಅಂತ ಕೇಸ್ ಶೀಟಿನಲ್ಲಿ ಬರೆಯೋಕೆ ಮುಂಚೆ ಸ್ಯಾಚುರೇಶನ್, ನಾಡಿ, ಬಿಪಿ, ಗ್ಲುಕೋಮೀಟರ್, ಡ್ರೈನ್ ಬಾಟ್ಲಿ, ಹೊಕ್ಕುಳ ಕೆಳಗೆ ಕೈಯಿಟ್ಟು ಮೂತ್ರ ತುಂಬಿದೆಯಾ ಅಂತ ನೋಡಿ. ಇಷ್ಟು ನೋಡದೆ ಮಿಡಜೋಲಾಮ್ ಕೊಡೋದು ಅಪರಾಧ. ಆಮ್ಲಜನಕ ಕಡಿಮೆ ಆದವನು ಮೊದಲು ಮಾಡೋದೇ ಮಾಸ್ಕ್ ಕಿತ್ತೆಸೆದು ಏಳೋಕೆ ನೋಡೋದು. ಒಳಗೆ ರಕ್ತ ಹೋಗ್ತಿರೋನೂ ಹಾಗೇ.

ವಾರ್ಡಿನಲ್ಲಿ ತಪ್ಪಿಹೋಗೋವು ಇನ್ನೂ ಮೂರಿವೆ.

ಪೆರಿನಾರ್ಮ್, ಅಂದ್ರೆ ಮೆಟೊಕ್ಲೊಪ್ರಮೈಡ್. ವಾಂತಿಗೆ ಅಂತ 10 ಮಿ.ಗ್ರಾಂ ಸಿರಿಂಜಿಂದ ಒಂದೇ ಏಟಿಗೆ ತಳ್ಳಿದ್ರೆ ಕೆಲವರಿಗೆ ಕೆಲವೇ ನಿಮಿಷದಲ್ಲಿ ಮೈಯೊಳಗೆ ತಳಮಳ, ಕಾಲು ಸುಮ್ನಿರಲ್ಲ, "ನನ್ನನ್ನ ಇಲ್ಲಿಂದ ಕಳಿಸಿ" ಅಂತಾರೆ. ಅದು ಭಯ ಅಲ್ಲ, ಅಕತೀಸಿಯಾ, ಅಂದ್ರೆ ಔಷಧಿಯಿಂದ ಬರೋ ಚಡಪಡಿಕೆ. 100 ಎಂಎಲ್ ಸಲೈನಲ್ಲಿ ಹಾಕಿ 15 ನಿಮಿಷದಲ್ಲಿ ಬಿಟ್ರೆ ಬಹಳ ಕಡಿಮೆ. ಬಂದ್ರೆ ಫೆನರ್ಗನ್‌ಗೆ ಇಳಿಯುತ್ತೆ. ಗೊತ್ತಿಲ್ಲದೆ ಸುಮ್ನಾಗಿಸೋಕೆ ಹ್ಯಾಲೊಪೆರಿಡಾಲ್ ಕೊಟ್ರೆ ದುಪ್ಪಟ್ಟು ಆಗುತ್ತೆ.

ಥೈರಾಯ್ಡ್ ಪೂರ್ತಿ ತೆಗೆದವರಲ್ಲಿ ಒಂದರಿಂದ ಮೂರನೇ ದಿನದೊಳಗೆ ತುಟಿ ಸುತ್ತ, ಬೆರಳ ತುದಿ ಜುಮ್ ಅನ್ನೋದು, ಕೈ ಸೆಟೆದುಕೊಳ್ಳೋದು. "ಹೆದರಿ ಜೋರಾಗಿ ಉಸಿರಾಡ್ತಿದ್ದಾಳೆ" ಅಂತ ಪೇಪರ್ ಕವರ್ ಮುಖಕ್ಕೆ ಹಿಡೀತಾರೆ. ಮೊದಲು ಕ್ಯಾಲ್ಸಿಯಂ ಟೆಸ್ಟಿಗೆ ರಕ್ತ ಕಳಿಸಿ.

ಕುಡಿಯೋರು. ಕೊನೇ ಗುಟುಕಿನಿಂದ ಲೆಕ್ಕ ಹಾಕಿ, ಆಪರೇಷನ್ನಿಂದ ಅಲ್ಲ. ಬೈಕಿಂದ ಬಿದ್ದು ಭಾನುವಾರ ರಾತ್ರಿ ಬಂದವನಿಗೆ ಸೋಮವಾರ ಬೆಳಿಗ್ಗೆಯೇ ನಡುಕ, ಬೆವರು ಶುರು. ಫಿಟ್ಸ್ ಮೊದಲ ಎರಡು ದಿನದಲ್ಲಿ. ಮಂಗಳವಾರ-ಬುಧವಾರ ಗೋಡೆ ಮೇಲೆ ಹುಳ ಕಾಣೋದು. ಮಂಗಳವಾರ ಆಪರೇಷನ್ ಆಗಿದ್ರೆ ಎಲ್ಲಾ ತಪ್ಪೂ ಅನಸ್ತೇಶಿಯಾ ತಲೆಗೆ. ಥಯಮಿನ್ ಕೊಟ್ಟು ಆಮೇಲೆ ಡೆಕ್ಸ್‌ಟ್ರೋಸ್. ಕ್ಲೋರ್‌ಡಯಜೆಪಾಕ್ಸೈಡ್ ಶುರು ಮಾಡಿ, ಲಿವರ್ ಕೆಟ್ಟಿದ್ರೆ ಲೊರಾಜೆಪಾಮ್. ಹೆಂಡತಿಯನ್ನ ಪಕ್ಕಕ್ಕೆ ಕರೆದು "ದಿನಕ್ಕೆ ಕ್ವಾರ್ಟರೋ, ಹಾಫೋ" ಅಂತ ಕೇಳಿ. ಅವನು ಹೇಳೋದು "ಅಪರೂಪಕ್ಕೆ ಸರ್".

ಫಿಸಿಯೋ ತುಮಕೂರು
ಗುಟ್ಕಾ, ಬೀಡಿ ಬಿಟ್ಟ ಸಿಡುಕನ್ನೂ ಸೇರಿಸಿ. ಎರಡು-ಮೂರನೇ ದಿನ ಜೋರು. ವಾಕರ್ ಹಿಡಿಸೋಕೆ ಹೋದ್ರೆ ನಮ್ಮ ಮೇಲೇ ಬೀಳ್ತಾರೆ.

ಧಾರವಾಡದ ಸಿಸ್ಟರ್
ಕಾಫಿ-ಚಾ ಮರೆತ್ರಿ ಎಲ್ಲಾರೂ! ದಿನಕ್ಕ ನಾಕು ಕಪ್ ಕುಡಿಯೋರಿಗೆ ರಾತ್ರಿ ಹನ್ನೆರಡರಿಂದ ಎಲ್ಲಾ ಬಂದ್ ಮಾಡಿ ಮರುದಿನ ಮಧ್ಯಾಹ್ನ ಓಟಿಗೆ ಕರದ್ರ ತಲಿ ಸಿಡಿತದ, ಸಿಟ್ಟು ಬರ್ತದ.

ಅನಸ್ತೇಶಿಯಾ ಮೇಡಂ
@ಧಾರವಾಡದ ಸಿಸ್ಟರ್ ರಾತ್ರಿ ಹನ್ನೆರಡರ ನಿಯಮವೇ ಹಳೇದು. ಊಟ, ಹಾಲು ಹಾಕಿದ ಚಹಾ-ಕಾಫಿ, ಮಜ್ಜಿಗೆ 6 ಗಂಟೆ ಮೊದಲು ನಿಲ್ಲಿಸಿದ್ರೆ ಸಾಕು. ನೀರು, ಹಾಲಿಲ್ಲದ ಕಾಫಿ 2 ಗಂಟೆ ಮೊದಲವರೆಗೂ ನಡೆಯುತ್ತೆ. ಹೊಟ್ಟೆ ಖಾಲಿಯಾಗೋದು ತಡ ಇರೋರಿಗೆ, ಎಮರ್ಜೆನ್ಸಿಗೆ ಮಾತ್ರ ಬೇರೆ. ಲಿಸ್ಟಿನಲ್ಲಿ ಐದನೇ ಕೇಸಿಗೂ ಮೊದಲನೇ ಕೇಸಿಗೂ ಒಂದೇ ಸಮಯ ಬರೆಯೋದು ಶುದ್ಧ ಸೋಮಾರಿತನ.

ಕಾಫಿ ಬಿಟ್ಟ ತಲೆನೋವಿಗೂ ಸ್ಪೈನಲ್ ತಲೆನೋವಿಗೂ ಗೊಂದಲ ಆಗುತ್ತೆ. ಎದ್ದು ಕೂತಾಗ ಜೋರಾಗಿ, ಮಲಗಿದ ಕೂಡಲೇ ಇಳಿದ್ರೆ ಸ್ಪೈನಲ್‌ದು.

ಕರಾವಳಿ ಸರ್ಜನ್
ಬೆಳಿಗ್ಗೆ ಬಿಪಿ 164 ಅಂತ ಕೇಸ್ ಕ್ಯಾನ್ಸಲ್ ಮಾಡುವುದನ್ನೂ ನಿಲ್ಲಿಸಿ ಮೇಡಂ! ಹೆದರಿ ಏರಿದ ಬಿಪಿ ಅದು. ಮನೆಗೆ ಕಳಿಸಿದ್ರೆ ಮುಂದಿನ ಸಲ ಇನ್ನೂ ಜಾಸ್ತಿ.

ಅನಸ್ತೇಶಿಯಾ ಮೇಡಂ
164ಕ್ಕೆ ಯಾರೂ ಕ್ಯಾನ್ಸಲ್ ಮಾಡಬಾರದು. ಬ್ರಿಟನ್ನಿನ 2016ರ ಮಾರ್ಗಸೂಚಿ ಪ್ರಕಾರ ಪಿಎಸಿಯಲ್ಲಿ 180/110ಕ್ಕಿಂತ ಕಡಿಮೆ ಇದ್ರೆ ಮುಂದೆ ಹೋಗಬಹುದು. ಆದ್ರೆ ಅವರ ಹಳೇ ಬಿಪಿ ಚೀಟಿ ಫೈಲಿನಲ್ಲಿ ಇಡಿ ಸರ್, ನೀವು ಅದನ್ನೇ ಇಡಲ್ಲ.

ಹೌಸ್‌ಸರ್ಜನ್ ಹುಡುಗ
ಅಮಾವಾಸ್ಯೆ ದಿನ ಬೇಡ ಅನ್ನೋರಿಗೆ ಏನ್ ಹೇಳೋದು? ರಾಹುಕಾಲದಲ್ಲಿ ಓಟಿಗೆ ಶಿಫ್ಟ್ ಮಾಡೋಕೆ ಬಿಡಲ್ಲ.

ಧಾರವಾಡದ ಸಿಸ್ಟರ್
ಎಮರ್ಜೆನ್ಸಿ ಅಲ್ಲಂದ್ರ ದಿನ ಬದಲ ಮಾಡ್ರಿ, ನಿಮ್ಮ ಗಂಟೇನು ಹೋಗ್ತದ? ವಾದ ಮಾಡಿ ಕರಕೊಂಡು ಹೋದ್ರ ಆಮ್ಯಾಲ ಸಣ್ಣ ಸೋಂಕು ಆದ್ರೂ ಅಮಾವಾಸಿ ಮ್ಯಾಲ ಹಾಕ್ತಾರ. ರಾಹುಕಾಲಕ್ಕ ಹತ್ತು ನಿಮಿಷ ಮೊದಲ ವಾರ್ಡ್ ಬಿಡಿಸ್ರಿ, ಮುಗೀತು.

ಮಾಂಗಲ್ಯ ತೆಗೆಸೋದು ಇದಕ್ಕಿಂತ ದೊಡ್ಡ ಸಂಕಟ. ಟ್ರಾಲಿ ಮ್ಯಾಲ ಮಲಗಿಸಿ "ತೆಗೀರಿ, ತೆಗೀರಿ" ಅಂದ್ರ ಬಿಕ್ಕಿ ಅಳ್ತಾರ. ಕಾಟರಿಗೆ (ಕರೆಂಟಿನಿಂದ ಸುಡೋ ಉಪಕರಣಕ್ಕ) ಲೋಹ ಸುಡ್ತದ ಅಂತ ಹಿಂದಿನ ದಿನಾನ ತಿಳಿಸಿ ಹೇಳ್ರಿ. ಅರಿಷಿಣ ದಾರಕ್ಕ ಅರಿಷಿಣ ಕೊಂಬು ಕಟ್ಟಿ, ಡ್ರಿಪ್ ಇಲ್ಲದ ಕೈಗೆ ಕಟ್ಟಾಕ ಹಿರೇರಿಗೆ ಹೇಳ್ರಿ. ಚಿನ್ನ ಗಂಡನ ಕೈಯಾಗ ಆಕೀನ ಕೊಡ್ಲಿ, ನೀವು ಕಸಗೊಳ್ಳಬ್ಯಾಡ್ರಿ. ಕಾಲುಂಗುರ ಬರಲಿಲ್ಲಂದ್ರ ಸೋಪು ನೀರು.

ಐಸಿಯು ನೈಟ್ ಡ್ಯೂಟಿ
ಕನ್ನಡಕ, ಕಿವಿ ಮಿಷನ್ ಅನ್ನೂ ವಾರ್ಡಿನಲ್ಲೇ ಕಿತ್ತು ಇಟ್ಕೋಬೇಡಿ. ಓಟಿ ಬಾಗಿಲವರೆಗೆ ಇರಲಿ, ಹೆಸರು ಬರೆದ ಡಬ್ಬಿಯಲ್ಲಿ ರಿಕವರಿಗೆ ಬರಲಿ. ಎಚ್ಚರ ಆದಾಗ ಏನೂ ಕಾಣದೆ, ಕೇಳದೆ ಇರೋ ಎಪ್ಪತ್ತೈದರ ಅಜ್ಜ ಗೊಂದಲಕ್ಕೆ ಬೀಳೋದು ಸುಲಭ.

ಮನೋವೈದ್ಯ ಮಲೆನಾಡು
ಅಜ್ಜನ ಮಾತು ಬಂತಲ್ಲ, ಸರ್ಜರಿ ವಾರ್ಡಿಂದ "ಡಿಪ್ರೆಶನ್, ದಯವಿಟ್ಟು ನೋಡಿ" ಅಂತ ಬರೋ ರೆಫರಲ್‌ನಲ್ಲಿ ವಯಸ್ಸಾದವರು ಇದ್ರೆ ಮೊದಲು ಅನುಮಾನಿಸಬೇಕಾದ್ದು ಡೆಲಿರಿಯಮ್, ಅಂದ್ರೆ ಇದ್ದಕ್ಕಿದ್ದಂತೆ ಬರೋ ಬುದ್ಧಿಯ ಗೊಂದಲ. ಕೂಗಾಡೋದು ಒಂದು ಥರ, ಅದು ಎಲ್ಲರಿಗೂ ಕಾಣುತ್ತೆ. ಸುಮ್ನೆ ಮಂಕಾಗಿ ಮಲಗಿ, ತುತ್ತು ಬಾಯಲ್ಲೇ ಇಟ್ಟುಕೊಂಡು, ಕೇಳಿದ್ದಕ್ಕೆ ತಡವಾಗಿ ಉತ್ತರಿಸೋದು ಇನ್ನೊಂದು ಥರ. ಅದನ್ನ ಬೇಜಾರು ಅಂದುಕೊಳ್ತಾರೆ.

ಬೇರೆ ಮಾಡೋದು ಹೀಗೆ. ಖಿನ್ನತೆ ವಾರಗಟ್ಟಲೆ ಬೆಳೆಯುತ್ತೆ, ಡೆಲಿರಿಯಮ್ ನಿನ್ನೆ ಇರಲಿಲ್ಲ, ಇವತ್ತಿದೆ. ಬೆಳಿಗ್ಗೆ ಸರಿ, ಸಂಜೆ ಇಲ್ಲ. 4ಎಟಿ ಅನ್ನೋ ಪರೀಕ್ಷೆಗೆ ಎರಡು ನಿಮಿಷ ಸಾಕು: ಎಚ್ಚರ ಹೇಗಿದೆ, ವಯಸ್ಸು-ಹುಟ್ಟಿದ ದಿನ-ಜಾಗ-ಇಸವಿ, ತಿಂಗಳು ಹಿಂದಿನಿಂದ ಹೇಳೋದು, ಇದ್ದಕ್ಕಿದ್ದಂತೆ ಬದಲಾಗಿದೆಯಾ. 4 ಅಥವಾ ಹೆಚ್ಚು ಬಂದ್ರೆ ಡೆಲಿರಿಯಮ್ ಇರಬಹುದು. ಡಿಸೆಂಬರಿಂದ ಹಿಂದಕ್ಕೆ ಏಳು ತಿಂಗಳು ಸರಿ ಹೇಳಿದ್ರೆ ಗಮನ ಸಾಕಷ್ಟಿದೆ. ಶಾಲೆಗೆ ಹೋಗದವರಿಗೆ ತಿಂಗಳ ಪಟ್ಟಿ ಗೊತ್ತಿರಲ್ಲ. ವಾರದ ದಿನ ಶನಿವಾರದಿಂದ ಹಿಂದಕ್ಕೆ ಕೇಳಿ, ಅದಕ್ಕೆ ಸ್ಕೋರ್ ಇಲ್ಲ, ಅಂದಾಜು ಸಿಗುತ್ತೆ. ಹುಟ್ಟಿದ ದಿನ ಕೇಳಿ ಪ್ರಯೋಜನ ಇಲ್ಲ, ಎಷ್ಟೋ ಹಿರಿಯರ ಆಧಾರ್‌ನಲ್ಲಿ ಜನವರಿ 1 ಇರುತ್ತೆ. ಇವರಿಗೆ ಖಿನ್ನತೆ ಮಾತ್ರೆ ಶುರು ಮಾಡಿದ್ರೆ ರಕ್ತದ ಸೋಡಿಯಂ ಇಳಿದು ಇನ್ನಷ್ಟು ಮಂಕಾಗಬಹುದು. ಸೋಂಕು, ಸೋಡಿಯಂ, ಮಲಬದ್ಧತೆ, ನೋವು, ಹೊಸ ಮಾತ್ರೆ ಹುಡುಕಿ.

ಸರ್ಜಿಕಲ್ ವಾರ್ಡ್ ಸಿಸ್ಟರ್
ನಿಜವಾಗಿ ಖಿನ್ನತೆಯೇ ಇದ್ರೆ? ಆಪರೇಷನ್ ಮುಂದಕ್ಕೆ ಹಾಕಬೇಕಾ? ಮಾತ್ರೆ ಈಗಲೇ ಶುರುವಾ?

ಮನೋವೈದ್ಯ ಮಲೆನಾಡು
ಕ್ಯಾನ್ಸರ್, ಮೂಳೆ, ಕರುಳು, ಯಾವುದನ್ನೂ ಖಿನ್ನತೆಗಾಗಿ ಮುಂದೆ ಹಾಕಬೇಡಿ. ಕಾಯಬಹುದಾದ ಆಪರೇಷನ್ ಆಗಿದ್ದು ಖಿನ್ನತೆ ತೀವ್ರ ಇದ್ರೆ ಸರ್ಜನ್ ಜೊತೆ ಮಾತಾಡಿ. ಮಾತ್ರೆ ಕೆಲಸ ಶುರು ಮಾಡೋಕೆ ಎರಡರಿಂದ ನಾಲ್ಕು ವಾರ ಬೇಕು, ಹಿಂದಿನ ದಿನ ಶುರು ಮಾಡಿದ್ರೆ ಸಿಗೋದು ವಾಕರಿಕೆ ಮಾತ್ರ. ಆಪರೇಷನ್ ಆಗಿ ಊಟ ಶುರುವಾದ ಮೇಲೆ ನೋಡೋಣ. ಹಸಿವು, ನಿದ್ದೆ ಎರಡೂ ಹೋಗಿದ್ರೆ ಮಿರ್ಟಾಜಪಿನ್ 7.5 ರಾತ್ರಿ ಒಳ್ಳೇದು. ವಯಸ್ಸಾದವರಿಗೆ ಎಸ್ಸಿಟಲೊಪ್ರಾಮ್ 5ರಿಂದ ಶುರು, ಎರಡು ವಾರದೊಳಗೆ ಒಂದು ಸೋಡಿಯಂ ಟೆಸ್ಟ್.

ಉದಾಸೀನ ಮಾಡೋ ಹಾಗಿಲ್ಲ ಅನ್ನೋದಕ್ಕೆ: ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು ಹೃದಯದ ಬೈಪಾಸ್ ಆದ 817 ಜನರನ್ನ ವರ್ಷಗಟ್ಟಲೆ ಹಿಂಬಾಲಿಸಿ 2003ರಲ್ಲಿ ಪ್ರಕಟಿಸಿದ್ರು. 38 ಶೇಕಡ ಜನಕ್ಕೆ ಖಿನ್ನತೆ ಇತ್ತು. ಅದು ಮಧ್ಯಮ ಅಥವಾ ತೀವ್ರ ಇದ್ದವರಲ್ಲಿ, ಆರು ತಿಂಗಳಾದ್ರೂ ಬಿಡದೇ ಇದ್ದವರಲ್ಲಿ, ಸಾವು ಜಾಸ್ತಿ ಇತ್ತು.

ಫಿಸಿಯೋ ತುಮಕೂರು
ಕಾಲು ತೆಗೆದವರು, ಹೊಟ್ಟೆ ಮೇಲೆ ಚೀಲ ಹಾಕಿಸ್ಕೊಂಡವರು, ಸ್ತನ ತೆಗೆದವರು ಮೊದಲ ಡ್ರೆಸ್ಸಿಂಗ್ ದಿನ ಕುಸೀತಾರೆ. ಅವತ್ತು ಮುಖ ತಿರುಗಿಸಿದ್ರೆ ಬಲವಂತ ಬೇಡ. ಮೊದಲು ಕೈಯಿಂದ ಮುಟ್ಟಲಿ, ಆಮೇಲೆ ಕನ್ನಡಿಯಲ್ಲಿ, ಆಮೇಲೆ ನೇರ. ಸ್ಟೋಮಾ ಚೀಲ ಮೂರನೇ ಒಂದು ಭಾಗ ತುಂಬಿದಾಗಲೇ ಖಾಲಿ ಮಾಡೋದು ಕಲಿಸಿ. ತುಂಬಿ ಸೋರಿ ಒಂದು ಸಲ ಬಸ್ಸಲ್ಲಿ ವಾಸನೆ ಬಂದ್ರೆ ಆಮೇಲೆ ಮನೆಯಿಂದ ಹೊರಗೇ ಬರಲ್ಲ.

ಸಮಾಜಕಾರ್ಯಕರ್ತೆ
ಡಿಸ್ಚಾರ್ಜ್ ಆದ ಮೇಲೆ ಫೋನ್ ಮಾಡೋದು ಯಾರೂ ಹೇಳ್ಲಿಲ್ಲ. ಬೈಪಾಸ್ ಪೇಷಂಟ್‌ಗಳ ಮೇಲೆ ಪಿಟ್ಸ್‌ಬರ್ಗಿನಲ್ಲಿ ನಡೆದು 2009ರಲ್ಲಿ ಬಂದ ಅಧ್ಯಯನದ ಕ್ರಮ ನಮಗೂ ಹೊಂದುತ್ತೆ. ಆಸ್ಪತ್ರೆಯಲ್ಲಿ ಪಿಎಚ್‌ಕ್ಯೂ-2, ಮನೆಗೆ ಹೋಗಿ ಎರಡು ವಾರಕ್ಕೆ ಫೋನಿನಲ್ಲಿ ಪಿಎಚ್‌ಕ್ಯೂ-9, 10 ಅಥವಾ ಹೆಚ್ಚು ಬಂದವರಿಗೆ ನರ್ಸ್ ಎಂಟು ತಿಂಗಳು ಆಗಾಗ ಫೋನ್. ಫೋನಿನಲ್ಲಿ ಕೊಟ್ಟ ಈ ಆರೈಕೆಯಿಂದ ಸುಧಾರಿಸಿದ್ರು. ನಮ್ಮಲ್ಲಿ ತೊಂದರೆ ಏನಂದ್ರೆ ಫೈಲಿನಲ್ಲಿರೋದು ಮಗನ ನಂಬರ್, ಮಗ ಬೆಂಗಳೂರಲ್ಲಿ. ಪೇಷಂಟ್ ಪಕ್ಕದಲ್ಲೇ ಇರೋರ ನಂಬರ್ ಬೇರೆ ಬರ್ಕೊಳ್ಳಿ. ತಾಲೂಕು ಆಸ್ಪತ್ರೆಯಲ್ಲಿ ಮಂಗಳವಾರ ಮಾನಸಿಕ ಆರೋಗ್ಯದ ಮನೋಚೈತನ್ಯ ಕ್ಲಿನಿಕ್ ಇರುತ್ತೆ, ಹೊಲಿಗೆ ಬಿಚ್ಚೋ ದಿನ ಅದಕ್ಕೇ ಹೊಂದಿಸಿ ಕೊಟ್ರೆ ಒಂದೇ ಬಸ್ ಚಾರ್ಜಲ್ಲಿ ಎರಡೂ ಆಗುತ್ತೆ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಡಿಸ್ಚಾರ್ಜ್ ಚೀಟಿಯ ಮೇಲೇ ಸೀಲು ಹೊಡೆಸಿ. ಪುಕ್ಕಟೆ, ಇಪ್ಪತ್ನಾಲ್ಕು ಗಂಟೆ, ಕನ್ನಡದಲ್ಲೇ ಮಾತಾಡ್ತಾರೆ.

ಸರ್ಜಿಕಲ್ ವಾರ್ಡ್ ಸಿಸ್ಟರ್
ಕೊನೇದೊಂದು. ಪಿಎಚ್‌ಕ್ಯೂ-9ರ ಒಂಬತ್ತನೇ ಪ್ರಶ್ನೆ, ಸಾಯೋಣ ಅನ್ಸುತ್ತಾ ಅನ್ನೋದು. ಶುಕ್ರವಾರ ರಾತ್ರಿ ಒಬ್ಬರು ಹೌದು ಅಂದ್ರೆ? ಮನೋವೈದ್ಯರು ಬರೋದು ಬುಧವಾರ.

ಹೌಸ್‌ಸರ್ಜನ್ ಹುಡುಗ
ಅದಕ್ಕೇ ಕೇಳದೇ ಇರೋದು ವಾಸಿ ಅನ್ಸೋದು.

ಮನೋವೈದ್ಯ ಮಲೆನಾಡು
@ಹೌಸ್‌ಸರ್ಜನ್ ಹುಡುಗ ಕೇಳೋದ್ರಿಂದ ಆ ಯೋಚನೆ ಹುಟ್ಟಲ್ಲಪ್ಪಾ, ಇದ್ದದ್ದು ಗೊತ್ತಾಗುತ್ತೆ ಅಷ್ಟೇ.

@ಸಿಸ್ಟರ್ ಗಾಬರಿಯಾಗದೆ ಮುಂದಕ್ಕೆ ಕೇಳಿ. "ದೇವರು ಕರ್ಕೊಂಡ್ರೆ ಸಾಕು" ಅನ್ನೋ ಮಾತಾ, ತಾನೇ ಏನಾದ್ರೂ ಮಾಡ್ಕೊಳ್ಳೋ ಯೋಚನೆಯಾ? ಹೇಗೆ ಅಂತ ಯೋಚಿಸಿದ್ದಾರಾ? ಹಿಂದೆ ಪ್ರಯತ್ನ ಆಗಿತ್ತಾ? ನೋವು ತಡೆಯೋಕಾಗದೆ ಹೇಳ್ತಿದ್ದಾರಾ? ಕೊನೇದಕ್ಕೆ ಹೌದು ಅಂದ್ರೆ ಮೊದಲು ನೋವಿಗೆ ಸರಿಯಾಗಿ ಔಷಧಿ ಕೊಡಿ, ಎಷ್ಟೋ ಸಲ ಮಾತು ಬದಲಾಗುತ್ತೆ. ಯೋಜನೆ ಇದೆ ಅಂದ್ರೆ ಒಬ್ಬರನ್ನೇ ಬಿಡಬೇಡಿ, ಹಾಸಿಗೆ ನರ್ಸಿಂಗ್ ಸ್ಟೇಷನ್ ಎದುರಿಗೆ ಹಾಕಿ, ಸಾಧ್ಯ ಇದ್ರೆ ಕೆಳಗಿನ ಮಹಡಿ. ಮಾತ್ರೆ ಚೀಲ ನಿಮ್ಮ ಹತ್ರ ಇರಲಿ. ಡ್ಯೂಟಿ ಡಾಕ್ಟರ್‌ಗೆ, ಸರ್ಜನ್‌ಗೆ ತಿಳಿಸಿ, ಸಮಯ ಹಾಕಿ ಬರೀರಿ. ಬುಧವಾರದವರೆಗೆ ಕಾಯಬೇಡಿ, ಅವತ್ತೇ ಮನೋವೈದ್ಯರಿಗೆ ಫೋನ್ ಹೋಗಲಿ. ಸಿಗಲಿಲ್ಲ ಅಂದ್ರೆ 14416ಕ್ಕೆ ನೀವೇ ಮಾಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ತುರ್ತು ಚಿಕಿತ್ಸೆಯನ್ನ ಯಾವುದೇ ನೋಂದಾಯಿತ ವೈದ್ಯರು 72 ಗಂಟೆವರೆಗೆ ಕೊಡಬಹುದು, ಪೇಷಂಟಿನ ಪ್ರತಿನಿಧಿ ಇದ್ರೆ ಅವರ ಒಪ್ಪಿಗೆ ಪಡೆದು. ಅಷ್ಟರಲ್ಲಿ ಎಲ್ಲಿಗೆ ಕಳಿಸಬೇಕು ಅಂತ ತೀರ್ಮಾನ ಆಗಬೇಕು.

ಧಾರವಾಡದ ಸಿಸ್ಟರ್
ಬಾತ್‌ರೂಮ್ ಚಿಲಕ ಹೊರಗಿಂದ ತೆಗಿಯಂಗ ಇರಬೇಕ್ರಿ. ಮತ್ತ ಪಕ್ಕದಾಗ ಕೂಡೋ ಅಟೆಂಡರ್‌ಗೆ ಯಾಕ ಕೂಡಬೇಕು ಅಂತ ಬಿಡಿಸಿ ಹೇಳ್ರಿ. ಇಲ್ಲಂದ್ರ ಚಾ ಕುಡ್ಯಾಕ ಹೋಗಿಬಿಡ್ತಾರ.

ಹೌಸ್‌ಸರ್ಜನ್ ಹುಡುಗ
ಸರಿ, ಎಂಟು ಪ್ರಶ್ನೆ ನಾನೇ ಕೇಳ್ತೀನಿ. ಆದ್ರೆ ರಾತ್ರಿ ಫೋನ್ ಮಾಡಿದಾಗ ಎತ್ತೋ ಮನೋವೈದ್ಯರ ಹೆಸರು, ನಂಬರ್ ಫಾರ್ಮಿನ ಕೆಳಗೆ ಪ್ರಿಂಟ್ ಆಗಿರಬೇಕು.